ಬ್ಯಾಂಕಿನ ಮ್ಯಾನೇಜರು, ಊರಿನ ಖಜಾಂಚಿ

ಉಡುಪಿ, ಮಂಗಳೂರು, ಕುಂದಾಪುರದ ಕಡೆಯ ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ಕೋಶಾಧಿಕಾರಿಯ ಹೆಸರಿನ ಕೆಳಗೆ ‘ನಿವೃತ್ತ ಬ್ಯಾಂಕ್ ಮ್ಯಾನೇಜರ್’ ಎಂದು ಅಚ್ಚಾಗಿರುವುದು ಸಾಮಾನ್ಯ ಸಂಗತಿ. ಶಾಲೆಯ ಹಳೆ ವಿದ್ಯಾರ್ಥಿ ಸಂಘ, ಯಕ್ಷಗಾನ ಮಂಡಳಿ, ರಕ್ತದಾನ ಶಿಬಿರ, ಜಾತಿ ಸಂಘದ ವಿದ್ಯಾರ್ಥಿವೇತನ ನಿಧಿ ಎಲ್ಲ ಕಡೆಯೂ ಲೆಕ್ಕ ನೋಡಿಕೊಳ್ಳಲು ಇಂಥ ಒಬ್ಬರು ಇದ್ದೇ ಇರುತ್ತಾರೆ. ಹುದ್ದೆ ಬಿಟ್ಟ ಮೇಲೆ ಊರಿನ ಕೆಲಸಕ್ಕೆ ನಿಲ್ಲುವ ಈ ರೂಢಿಗೆ ಕರಾವಳಿಯ ಬ್ಯಾಂಕುಗಳು ಹುಟ್ಟಿದ ರೀತಿಯೇ ಮುಖ್ಯ ಕಾರಣ.

ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಅಂದಿನ ದಕ್ಷಿಣ ಕನ್ನಡದಲ್ಲಿ ಸಣ್ಣ ವ್ಯಾಪಾರಿಗೂ ರೈತನಿಗೂ ಸಾಲವೆಂದರೆ ಸಾಹುಕಾರನ ಸಾಲವೇ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಶುರುವಾಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಇದೇ. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ವಹಿವಾಟು ಮುಗಿದಾಗ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ, 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದ ವಿಜಯ ಬ್ಯಾಂಕ್ ಹುಟ್ಟಿದವು.

ಇವುಗಳನ್ನು ಕಟ್ಟಿದವರಲ್ಲಿ ವಕೀಲರು, ವೈದ್ಯರು, ವರ್ತಕರು, ಜಮೀನ್ದಾರರು ಇದ್ದರು. ಶಾಲೆ ತೆರೆದವರೂ ಬ್ಯಾಂಕು ತೆರೆದವರೂ ಎಷ್ಟೋ ಕಡೆ ಒಬ್ಬರೇ. ಸುಬ್ಬರಾವ್ ಪೈಗಳು ಬ್ಯಾಂಕಿಗೆ ಹದಿನೈದು ವರ್ಷ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲನ್ನು ಕಟ್ಟಿದ್ದರು. ಉಡುಪಿಯ ಸರಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆ ಇರುವುದು ಹಾಜಿ ಅಬ್ದುಲ್ಲಾ ಕೊಟ್ಟ ಜಾಗದಲ್ಲಿ. ಒಂದೊಂದು ಬ್ಯಾಂಕಿನ ಹಿಂದೆಯೂ ಒಂದೊಂದು ಸಮುದಾಯದ ಬೆಂಬಲವಿತ್ತು ಎಂಬುದೂ ನಿಜ. ಕೆಲಸಕ್ಕೆ ತೆಗೆದುಕೊಳ್ಳುವಾಗ ಆ ಸಮುದಾಯದ ಕಡೆಗೆ ಪಕ್ಷಪಾತವೂ ಇತ್ತು. ಆದರೆ ಬ್ಯಾಂಕು ಊರಿನದು, ಅದರ ಮಾನ ಊರಿನ ಮಾನ ಎಂಬ ಭಾವನೆ ಬೇರೂರಿದ್ದೂ ಈ ನಂಟಿನಿಂದಲೇ.

1969ರ ರಾಷ್ಟ್ರೀಕರಣಕ್ಕೆ ಮುಂಚಿನ ಮ್ಯಾನೇಜರನನ್ನು ಜನ ‘ಏಜೆಂಟರು’ ಎಂದು ಕರೆಯುತ್ತಿದ್ದರು. ಮೆಟ್ರಿಕ್ ಅಥವಾ ಇಂಟರ್‌ಮೀಡಿಯೆಟ್ ಓದಿ ಗುಮಾಸ್ತನಾಗಿ ಸೇರಿ, ಲೆಜರ್ ಬರೆದು ಬರೆದು ಮೇಲೆ ಬಂದವರೇ ಹೆಚ್ಚು. ತಿಜೋರಿಗೆ ಎರಡು ಬೀಗ, ಎರಡು ಕೀಲಿಕೈ. ಒಂದು ಮ್ಯಾನೇಜರರ ಬಳಿ, ಇನ್ನೊಂದು ಕ್ಯಾಶಿಯರ್ ಅಥವಾ ಅಕೌಂಟೆಂಟರ ಬಳಿ. ಒಬ್ಬರೇ ತೆರೆಯುವಂತಿಲ್ಲ. ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ; ನಾಲ್ಕಾಣೆ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕಬೇಕು. ಜೂನ್ 30 ಮತ್ತು ಡಿಸೆಂಬರ್ 31ರ ‘ಕ್ಲೋಸಿಂಗ್’ ಎಂದರೆ ಹೆಂಡತಿ ಮಕ್ಕಳೂ ನೆನಪಿಟ್ಟುಕೊಳ್ಳುವ ದಿನಗಳಾಗಿದ್ದವು. 1980ರ ದಶಕದ ಕೊನೆಗೆ ಬ್ಯಾಂಕುಗಳ ವರ್ಷಾಂತ್ಯ ಮಾರ್ಚ್ 31ಕ್ಕೆ ಬದಲಾಯಿತು, ಪಡಿಪಾಟಲು ಹಾಗೆಯೇ ಉಳಿಯಿತು.

ಸಿಂಡಿಕೇಟ್ ಬ್ಯಾಂಕಿನ ದಾರಿ ಸ್ವಲ್ಪ ಬೇರೆ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಮೂವರು 8,000 ರೂಪಾಯಿ ಬಂಡವಾಳದಲ್ಲಿ ಕೈಮಗ್ಗದವರಿಗೆ ನೆರವಾಗಲೆಂದು ಉಡುಪಿಯಲ್ಲಿ ಅದನ್ನು ಕಟ್ಟಿದರು. 1928ರಲ್ಲಿ ಬಂದ ಪಿಗ್ಮಿ ಠೇವಣಿ ಅದರ ದೊಡ್ಡ ಕಾಣಿಕೆ: ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಿಗ್ಮಿ ಏಜೆಂಟ್ ಮನೆಬಾಗಿಲಿಗೆ ಬಂದು ಪಡೆದು, ಕಾರ್ಡಿನಲ್ಲಿ ಬರೆದು ಹೋಗುತ್ತಿದ್ದ. ಮೀನು ಮಾರುವವರು, ಬೀಡಿ ಕಟ್ಟುವವರು, ಗೂಡಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ ಖಾತೆದಾರರಾದರು. ಬ್ಯಾಂಕಿನವನು ಜನರ ಬಳಿಗೆ ಹೋಗಬೇಕು ಎಂಬ ಪಾಠ ಇಲ್ಲಿನ ನೌಕರರಿಗೆ ಸರಕಾರ ಹೇಳುವ ಎಷ್ಟೋ ಮೊದಲೇ ಸಿಕ್ಕಿತ್ತು.

1969ರ ಜುಲೈ 19ರಂದು 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯಿದ್ದ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಕೆನರಾ ಮತ್ತು ಸಿಂಡಿಕೇಟ್ ಅವುಗಳಲ್ಲಿ ಸೇರಿದ್ದವು. 1980ರ ಏಪ್ರಿಲ್ 15ರಂದು ಕಾರ್ಪೊರೇಷನ್, ವಿಜಯ ಬ್ಯಾಂಕುಗಳ ಸರದಿ. ಮ್ಯಾನೇಜರನ ಬದುಕು ನಿಜಕ್ಕೂ ಬದಲಾದದ್ದು ರಾಷ್ಟ್ರೀಕರಣದ ಮೇಲೆ. ಶಾಖೆಗಳು ದೇಶದ ಮೂಲೆಮೂಲೆಗೆ ಹರಡಿದವು. ಮೂರು ವರ್ಷಕ್ಕೊಮ್ಮೆ ವರ್ಗ. ಕುಂದಾಪುರದ ಹುಡುಗ ಬಿಹಾರದಲ್ಲೋ ಆಂಧ್ರದ ಹಳ್ಳಿಯಲ್ಲೋ ಬಾಡಿಗೆ ಮನೆ ಹುಡುಕಬೇಕಾಯಿತು. ಮಕ್ಕಳ ಓದು ಕೆಡಬಾರದೆಂದು ಸಂಸಾರವನ್ನು ಊರಿನಲ್ಲೇ ಬಿಟ್ಟು ಒಂಟಿಯಾಗಿ ದುಡಿದವರು ಬಹಳ. ಊರಿನಿಂದ ಇಷ್ಟು ಕಾಲ ದೂರ ಉಳಿದದ್ದೇ ನಿವೃತ್ತಿಯ ನಂತರ ಅವರು ಅದನ್ನು ಅಷ್ಟು ಬಿಗಿಯಾಗಿ ಹಿಡಿಯಲು ಒಂದು ಕಾರಣವಿರಬೇಕು.

ಕೆಲಸದ ಸ್ವರೂಪವೂ ಬದಲಾಯಿತು. 1969ರ ಕೊನೆಗೆ ಬಂದ ಲೀಡ್ ಬ್ಯಾಂಕ್ ಯೋಜನೆ ಜಿಲ್ಲೆಗೊಂದು ಬ್ಯಾಂಕಿಗೆ ಅಭಿವೃದ್ಧಿಯ ಹೊಣೆ ಕೊಟ್ಟಿತು. 1972ರಿಂದ ಕಡುಬಡವರಿಗೆ ಶೇ. 4ರ ಬಡ್ಡಿಯಲ್ಲಿ ಭೇದಾತ್ಮಕ ಬಡ್ಡಿದರದ ಡಿಆರ್‌ಐ ಸಾಲ ಬಂತು. 1980ರ ಅಕ್ಟೋಬರ್ 2ರಿಂದ ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆಯಾದ ಐಆರ್‌ಡಿಪಿ ದೇಶದ ಎಲ್ಲ ಬ್ಲಾಕುಗಳಿಗೂ ವಿಸ್ತರಿಸಿತು. ಬೆಳೆಸಾಲ, ಪಂಪ್‌ಸೆಟ್, ಹಸು, ಕುರಿ, ಹೊಲಿಗೆ ಯಂತ್ರ ಎಲ್ಲಕ್ಕೂ ಅರ್ಜಿ ಬರುತ್ತಿತ್ತು. ಬ್ಯಾಂಕುಗಳು ಕೃಷಿ ಪದವೀಧರರನ್ನು ಅಧಿಕಾರಿಗಳಾಗಿ ತೆಗೆದುಕೊಂಡವು. ಚುಟುಕುಗಳಿಂದ ಹೆಸರಾದ ಎಚ್. ಡುಂಡಿರಾಜ್ ಕೃಷಿ ವಿಜ್ಞಾನ ಓದಿ ಕಾರ್ಪೊರೇಷನ್ ಬ್ಯಾಂಕ್ ಸೇರಿದವರು.

ಹಸುವಿನ ಸಾಲದ ಒಂದು ಕಡತವನ್ನು ಬಿಡಿಸಿದರೆ ಅಂದಿನ ಮ್ಯಾನೇಜರನ ದಿನಚರಿ ಕಾಣುತ್ತದೆ. ಅರ್ಜಿದಾರನ ಪಹಣಿ, ಜಾಮೀನುದಾರನ ಸಹಿ, ಪಶುವೈದ್ಯರ ಸರ್ಟಿಫಿಕೇಟು, ಸಬ್ಸಿಡಿಯ ಆದೇಶ. ವಿಮೆಗಾಗಿ ಹಸುವಿನ ಕಿವಿಗೆ ನಂಬರಿನ ಬಿಲ್ಲೆ ಹಾಕಿಸಬೇಕು; ಹಸು ಸತ್ತರೆ ಆ ಬಿಲ್ಲೆಯನ್ನು ತಂದೊಪ್ಪಿಸದೆ ವಿಮೆಯ ಹಣವಿಲ್ಲ. ಕೊಟ್ಟ ಸಾಲದಲ್ಲಿ ಹಸು ನಿಜಕ್ಕೂ ಬಂದಿದೆಯೇ, ಅಥವಾ ನೆರೆಮನೆಯ ಹಸುವನ್ನೇ ತೋರಿಸುತ್ತಿದ್ದಾರೆಯೇ ಎಂದು ನೋಡಲು ಮ್ಯಾನೇಜರನೋ ಫೀಲ್ಡ್ ಆಫೀಸರನೋ ಗದ್ದೆಯಂಚಿನಲ್ಲಿ ನಡೆದು ಹೋಗಬೇಕು. ಸಾಮೂಹಿಕವಾಗಿ ಸಾಲ ಹಂಚಿದ ಸಾಲಮೇಳಗಳ ಕಾಲದಲ್ಲಿ ಈ ತಪಾಸಣೆ ಸಡಿಲವಾಯಿತು, ಸುಸ್ತಿ ಬಾಕಿ ಬೆಳೆಯಿತು. ಆದರೂ ಯಾರ ಮನೆಯಲ್ಲಿ ಏನು ಕಷ್ಟ, ಯಾರ ಮಾತು ನಂಬಬಹುದು ಎಂಬ ತಿಳಿವಳಿಕೆ ಈ ಓಡಾಟದಿಂದ ಬಂತು. ಮುಂದೆ ಊರಿನ ಕೆಲಸಕ್ಕೆ ಒದಗಿದ್ದು ಬ್ಯಾಂಕಿಂಗ್ ಪರೀಕ್ಷೆಗಳಿಗಿಂತ ಹೆಚ್ಚಾಗಿ ಇದೇ.

ನಿವೃತ್ತರ ಸೇವೆಗೆ ಆರ್ಥಿಕ ಆಧಾರ ಸಿಕ್ಕಿದ್ದು 1990ರ ದಶಕದಲ್ಲಿ. ಅದಕ್ಕೂ ಮುಂಚೆ ಹೆಚ್ಚಿನವರಿಗೆ ಪ್ರಾವಿಡೆಂಟ್ ಫಂಡ್ ಮತ್ತು ಗ್ರಾಚುಯಿಟಿ ಮಾತ್ರ. 1993ರ ಒಪ್ಪಂದದ ಮೇಲೆ 1995ರಲ್ಲಿ ಪಿಂಚಣಿ ನಿಯಮಗಳು ಜಾರಿಗೆ ಬಂದವು. ತಿಂಗಳಿಗೆ ಇಷ್ಟು ಎಂದು ಬರುವ ಹಣವಿದ್ದವನು ಸಂಬಳ ಕೇಳದೆ ಸಂಘದ ಕೆಲಸ ಮಾಡಬಲ್ಲ. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಹೊರಬಂದರು. ಐವತ್ತರ ಆಸುಪಾಸಿನ, ಇನ್ನೂ ಕಸುವಿದ್ದ ಅಧಿಕಾರಿಗಳು ಅವರಲ್ಲಿ ಬಹಳ ಮಂದಿ.

ಅವರ ಅನುಭವ ಬೇಕಾದ ಸಂಸ್ಥೆಗಳೂ ಒಂದೊಂದಾಗಿ ಹುಟ್ಟಿದವು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜತೆಗೂಡಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದರು. ನಿರುದ್ಯೋಗಿ ಯುವಕರಿಗೆ ಊಟ ವಸತಿ ಸಹಿತ ಉಚಿತ ತರಬೇತಿ, ಆಮೇಲೆ ಬ್ಯಾಂಕ್ ಸಾಲಕ್ಕೆ ಮಾರ್ಗದರ್ಶನ. ಕೇಂದ್ರ ಸರಕಾರ ಇದೇ ಮಾದರಿಯಲ್ಲಿ ಮುಂದೆ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಾದ ಆರ್‌ಸೆಟಿ ತೆರೆಯಿಸಿತು. 2008ರಲ್ಲಿ ರಿಸರ್ವ್ ಬ್ಯಾಂಕು ನಿವೃತ್ತ ಬ್ಯಾಂಕ್ ನೌಕರರು ವ್ಯಕ್ತಿಗತವಾಗಿ ಬ್ಯಾಂಕ್ ಮಿತ್ರರಾಗಿ, ಅಂದರೆ ಬ್ಯಾಂಕಿನ ಪ್ರತಿನಿಧಿಗಳಾಗಿ, ಕೆಲಸ ಮಾಡಲು ಒಪ್ಪಿತು. ಮರುವರ್ಷದಿಂದ ಬಂದ ಆರ್ಥಿಕ ಸಾಕ್ಷರತೆ ಮತ್ತು ಸಾಲ ಸಲಹಾ ಕೇಂದ್ರಗಳಲ್ಲೂ ಸಲಹೆಗಾರರಾಗಿ ಕೂತವರು ಬಹುಪಾಲು ನಿವೃತ್ತ ಬ್ಯಾಂಕಿನವರೇ.

ಹೆಚ್ಚಿನ ಸೇವೆ ಮಾತ್ರ ಯಾವ ಸುತ್ತೋಲೆಯೂ ಇಲ್ಲದೆ ನಡೆಯುತ್ತದೆ. ಏಪ್ರಿಲ್‌ನಲ್ಲಿ ನೆರೆಮನೆಯ ಹಿರಿಯರಿಗೆ ಬಡ್ಡಿಯಿಂದ ತೆರಿಗೆ ಮುರಿಯದಂತೆ ಕೊಡುವ ಫಾರಂ, ನವೆಂಬರಿನಲ್ಲಿ ಪಿಂಚಣಿದಾರರಿಗೆ ಜೀವಂತ ಪ್ರಮಾಣಪತ್ರ ತುಂಬಿಸಿಕೊಡುವುದು. ಗಂಡ ತೀರಿಕೊಂಡವರ ಠೇವಣಿಯನ್ನು ನಾಮಿನಿಯ ಹೆಸರಿಗೆ ಬಿಡಿಸಿಕೊಡುವುದು. ವಿದ್ಯಾಸಾಲದ ಅರ್ಜಿ ಬರೆಯುವುದು. ದೇವಸ್ಥಾನದ ಜೀರ್ಣೋದ್ಧಾರವಾದರೆ ಬ್ಯಾಂಕಿನ ಪದ್ಧತಿಯೇ ಅಲ್ಲಿಗೂ ಬರುತ್ತದೆ. ರಶೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ, ಯಾರ ಕೈಗೆ ಯಾವ ಪುಸ್ತಕ ಹೋಯಿತೆಂಬ ರಿಜಿಸ್ಟರು, ಖಾತೆಗೆ ಇಬ್ಬರ ಸಹಿ, ಪ್ರತಿ ಖರ್ಚಿಗೂ ವೋಚರು. ಮೇಸ್ತ್ರಿಗೆ ಕೊಟ್ಟ ಚಹಾ ದುಡ್ಡಿಗೂ ಚೀಟಿ ಕೇಳುವ ಖಜಾಂಚಿಯ ಮೇಲೆ ಉಳಿದ ಸದಸ್ಯರು ಗೊಣಗುತ್ತಾರೆ. ಮಹಾಸಭೆಯಲ್ಲಿ ಲೆಕ್ಕ ಓದಿದಾಗ ಯಾರೂ ಪ್ರಶ್ನೆ ಎತ್ತದಂತೆ ಅದೇ ಬಿಗಿ ಅವರನ್ನೆಲ್ಲ ಕಾಪಾಡುತ್ತದೆ. ಇದರಲ್ಲಿ ಕುಂದೂ ಇದೆ. ಎಲ್ಲವನ್ನೂ ಶಾಖೆಯಂತೆ ನಡೆಸಹೊರಟು ಹುಡುಗರನ್ನು ದೂರ ಮಾಡಿಕೊಂಡವರಿದ್ದಾರೆ. ಆ ತಲೆಮಾರಿನ ಮ್ಯಾನೇಜರರಲ್ಲಿ ಹೆಂಗಸರು ತೀರ ಕಡಿಮೆಯಾದ್ದರಿಂದ ಈ ಖಜಾಂಚಿಗಿರಿ ಗಂಡಸರ ಸ್ವತ್ತಾಗಿಯೇ ಉಳಿದಿದೆ.

2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಸಾಲ ಮಂಜೂರಾತಿ ಶಾಖೆಯಿಂದ ಮೇಲಿನ ಕಚೇರಿಗಳಿಗೆ ಸರಿದು, ಈಗಿನ ಮ್ಯಾನೇಜರಿಗೆ ಸಾಲಗಾರನ ಅಂಗಳ ನೋಡುವ ಸಂದರ್ಭವೇ ಕಡಿಮೆ. 2010ರ ಏಪ್ರಿಲ್ 1ರಿಂದ ಈಚೆಗೆ ಸರಕಾರಿ ಬ್ಯಾಂಕು ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಮಾತ್ರ. ಕರಾವಳಿಯ ಸಮಿತಿಗಳಲ್ಲಿ ಇಂದು ಲೆಕ್ಕದ ಪುಸ್ತಕ ಹಿಡಿದಿರುವವರಲ್ಲಿ ಹೆಚ್ಚಿನವರು 1970 ಮತ್ತು 80ರ ದಶಕಗಳಲ್ಲಿ ಕೆಲಸಕ್ಕೆ ಸೇರಿದವರು.