ಶೌಚಾಲಯದ ಬಾಗಿಲಲ್ಲಿ ಒಂದು ಕಾಯಿದೆ

ಕಾರ್ಖಾನೆಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1887ರಲ್ಲಿ ಕಾನೂನು ಮಾಡಿತು. ಅಂಥ ಬಾಗಿಲಿಗೆ ಜನನ ಪತ್ರ ಬಂದು ನಿಂತದ್ದು 2016ರಲ್ಲಿ.

ಆ ವರ್ಷದ ಫೆಬ್ರವರಿಯಲ್ಲಿ ಉತ್ತರ ಕೆರೊಲಿನಾದ ಷಾರ್ಲಟ್ ನಗರಸಭೆ, ಲಿಂಗಪರಿವರ್ತಿತರು ತಾವು ಗುರುತಿಸಿಕೊಂಡ ಲಿಂಗದ ಶೌಚಾಲಯವನ್ನೇ ಬಳಸಬಹುದೆಂದು ನಿಯಮ ಮಾಡಿತು. ಮಾರ್ಚ್ 23ರಂದು ರಾಜ್ಯ ಶಾಸನಸಭೆ ವಿಶೇಷ ಅಧಿವೇಶನ ಸೇರಿ, ಒಂದೇ ದಿನದಲ್ಲಿ ಎಚ್.ಬಿ.2 ಮಸೂದೆಯನ್ನು ಅಂಗೀಕರಿಸಿತು. ಗವರ್ನರ್ ಪ್ಯಾಟ್ ಮೆಕ್‌ಕ್ರೋರಿ ಅಂದೇ ರಾತ್ರಿ ಸಹಿ ಹಾಕಿದರು. ಸರ್ಕಾರಿ ಕಟ್ಟಡ, ಶಾಲೆಗಳಲ್ಲಿ ಇನ್ನು ಜನನ ಪತ್ರ ಹೇಳಿದ ಕಡೆಗೇ ಹೋಗಬೇಕು. ಆ ರಾಜ್ಯದಲ್ಲಿ ಹುಟ್ಟಿದವರು ಪತ್ರದಲ್ಲಿ ಲಿಂಗ ತಿದ್ದಿಸಬೇಕಾದರೆ ಶಸ್ತ್ರಚಿಕಿತ್ಸೆ ಆಗಿರಬೇಕಿತ್ತು. ಅದಾಗದಿದ್ದರೆ, ಗಡ್ಡ ಬೆಳೆದ ಪರಿವರ್ತಿತ ಪುರುಷನೂ ಹೆಂಗಸರ ಕಡೆಗೇ!

ವಿಜ್ಞಾನ ಓದಿದ ನನಗೆ ಮೊದಲು ಹೊಳೆದದ್ದು: ಅಳೆಯುವವರು ಯಾರು? ಕಾಯಿದೆಯಲ್ಲಿ ದಂಡವೂ ಇರಲಿಲ್ಲ, ತಪಾಸಣೆಯ ವಿಧಾನವೂ ಇರಲಿಲ್ಲ. ಉಳಿದದ್ದು ಪಕ್ಕದವರ ಕಣ್ಣು. ಕೂದಲು ಗಿಡ್ಡಗಿರುವ ಎತ್ತರದ ಹೆಂಗಸನ್ನೂ ಅದು ಬಿಡದು. ಈ ಅಂಜಿಕೆ ಕಾಯಿದೆಗಿಂತ ಹಳೆಯದು. 2015ರಲ್ಲಿ ಅಮೆರಿಕದ 27,715 ಲಿಂಗಪರಿವರ್ತಿತರು ಉತ್ತರಿಸಿದ ಸಮೀಕ್ಷೆಯಲ್ಲಿ ಶೇ. 32 ಮಂದಿ, ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಊಟ, ನೀರನ್ನು ಕಡಿಮೆ ಮಾಡಿದ್ದರು. ಶೇ. 8 ಮಂದಿಗೆ ಶೌಚಾಲಯ ತಪ್ಪಿಸಿದ್ದರಿಂದ ಮೂತ್ರದ ಸೋಂಕು ಅಥವಾ ಮೂತ್ರಪಿಂಡದ ತೊಂದರೆ ಆಗಿತ್ತು.

ಅದೇ ಕಾಯಿದೆಯ ಮುಂದಿನ ಪುಟಗಳನ್ನು ಓದಿದವರು ಕಡಿಮೆ. ನಗರಗಳು ಖಾಸಗಿ ನೌಕರರಿಗೆ ಕನಿಷ್ಠ ಕೂಲಿ ನಿಗದಿ ಮಾಡುವಂತಿರಲಿಲ್ಲ. ಜನಾಂಗ, ವಯಸ್ಸಿನ ಕಾರಣಕ್ಕೆ ಕೆಲಸ ಕಳೆದುಕೊಂಡವರು ರಾಜ್ಯದ ಕೋರ್ಟಿಗೆ ಹೋಗುವ ಹಾದಿಯೂ ಮುಚ್ಚಿತು. ಜುಲೈನಲ್ಲಿ ಅದನ್ನು ಮರಳಿ ತೆರೆದರು. ಶೌಚಾಲಯದ ಕಲಮು ರದ್ದಾದದ್ದು 2017ರ ಮಾರ್ಚ್‌ನಲ್ಲಿ. ಆದರೆ ಖಾಸಗಿ ಉದ್ಯೋಗದಲ್ಲಿ ತಾರತಮ್ಯ ತಡೆಯುವ ಹೊಸ ನಿಯಮ ಮಾಡದಂತೆ ನಗರಗಳ ಕೈ 2020ರ ಡಿಸೆಂಬರ್ 1ರವರೆಗೆ ಕಟ್ಟಿಯೇ ಇತ್ತು.