ಗುಜರಿಗೆ ಹೋಗುವ ಸಾರಿಗೆ ಬಸ್ ಕೊಂಡು ಓಡಾಡುವ ಮನೆ ಮಾಡಿಕೊಳ್ಳಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಬಣ್ಣ ಮಾಸಿದ ಹಳೆಯ ಸಿಟಿ ಬಸ್. ಸೀಟುಗಳನ್ನೆಲ್ಲ ಕಿತ್ತು ಹಾಕುತ್ತಾರೆ. ಎರಡು ನಿಮಿಷದಲ್ಲಿ ಅದೇ ಬಸ್ಸಿನೊಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು, ಕಿಟಕಿ ಪಕ್ಕ ಹೂವಿನ ಕುಂಡ. ಕೆಳಗೊಂದು ಸಾಲು: "ಸಾರಿಗೆ ಸಂಸ್ಥೆ ಹರಾಜಿನಲ್ಲಿ ಹಳೆ ಬಸ್ ಎರಡು-ಮೂರು ಲಕ್ಷಕ್ಕೆ ಸಿಗುತ್ತೆ, ಬಾಡಿಗೆ ಮನೆ ಯಾಕೆ ಬೇಕು?"

ನಿವೃತ್ತಿಯ ಹಣ ಕೈಗೆ ಬಂದವರು, ಊರೂರು ಸುತ್ತುವ ಆಸೆಯಿರುವ ಯುವಕರು ಇದನ್ನು ನೋಡಿ ನಿಜವಾಗಿಯೂ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಆದ್ದರಿಂದ ಇದರಲ್ಲಿ ಎಷ್ಟು ನಿಜ, ಎಷ್ಟು ಅಪಾಯ ಎಂದು ನೋಡೋಣ.

ಚುಟುಕಾಗಿ ಉತ್ತರ

ಬಸ್ಸನ್ನು ಮನೆ ಮಾಡುವುದು ಸಾಧ್ಯ. ಅಮೆರಿಕದಂಥ ದೇಶಗಳಲ್ಲಿ ಬಹಳ ಜನ ಮಾಡಿದ್ದಾರೆ. ಆದರೆ ನಮ್ಮಲ್ಲಿ 15 ವರ್ಷ ದಾಟಿದ ಸರ್ಕಾರಿ ಬಸ್ಸನ್ನು ಕೊಂಡು ಮತ್ತೆ ರಸ್ತೆಗೆ ಇಳಿಸಲು ಕಾನೂನಿನಲ್ಲಿ ದಾರಿಯಿಲ್ಲ. ಬೇರೆ ಬಸ್ಸುಗಳನ್ನೂ ಅನುಮತಿ ಇಲ್ಲದೆ ಬದಲಾಯಿಸುವಂತಿಲ್ಲ. ನಿಂತಲ್ಲೇ ನಿಲ್ಲುವ ಬಸ್-ಮನೆಯ ಮಾತು ಬೇರೆ.

ವಿಡಿಯೊದಲ್ಲಿರುವುದು ಎಲ್ಲಿಯ ಬಸ್?

ಇಂಥ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಕೇಂದ್ರ ಸರ್ಕಾರದ ಅನುದಾನದಲ್ಲಿ ಕೊಂಡ ದೊಡ್ಡ ಸಿಟಿ ಬಸ್ಸನ್ನು ಕನಿಷ್ಠ 12 ವರ್ಷ ಅಥವಾ 5 ಲಕ್ಷ ಮೈಲಿ, ಅಂದರೆ ಸುಮಾರು 8 ಲಕ್ಷ ಕಿಲೋಮೀಟರ್, ಓಡಿಸಬೇಕು. ಅದಾದ ಮೇಲೆ ಸಾರಿಗೆ ಸಂಸ್ಥೆಗಳು ಅವನ್ನು ಹರಾಜು ಹಾಕುತ್ತವೆ, ಸಾಮಾನ್ಯ ಜನರೂ ಕೊಳ್ಳಬಹುದು. ಮಲಗುವ ಜಾಗ, ಅಡುಗೆ ವ್ಯವಸ್ಥೆ, ನೀರು, ಶೌಚಾಲಯ ಇವೆಯೆಂದು ತೋರಿಸಿದರೆ ಅಲ್ಲಿನ ಹಲವು ರಾಜ್ಯಗಳಲ್ಲಿ ದಾಖಲೆಯಲ್ಲಿ "ಬಸ್" ಎಂದಿರುವುದನ್ನು "ಮೋಟರ್‌ಹೋಮ್" ಎಂದು ಬದಲಿಸಿಕೊಡುತ್ತಾರೆ.

ಅಲ್ಲಿಯೂ ಎಲ್ಲವೂ ಸಲೀಸಲ್ಲ. ಸಿಟಿ ಬಸ್ ಇರುವುದು ನಿಂತು ನಿಂತು ಹೋಗುವುದಕ್ಕೆ. ಅದರ ಗೇರ್ ವ್ಯವಸ್ಥೆ ಹೆದ್ದಾರಿಯ ವೇಗಕ್ಕೆ ಹೊಂದಿದ್ದಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ. ಲೋ-ಫ್ಲೋರ್ ಬಸ್ ಆದರೆ ಕೆಳಗೆ ಸಾಮಾನು ಇಡುವ ಡಿಕ್ಕಿ ಇರುವುದಿಲ್ಲ. ನೀರಿನ ಟ್ಯಾಂಕ್, ಕೊಳಚೆ ಟ್ಯಾಂಕ್, ಬ್ಯಾಟರಿ ಎಲ್ಲವೂ ಮನೆಯೊಳಗೇ ಜಾಗ ತಿನ್ನುತ್ತವೆ. ಬೆಂಗಳೂರಿನ ವೋಲ್ವೊ ಸಿಟಿ ಬಸ್ಸಿನಲ್ಲಿ ಕೂತಿದ್ದರೆ ಚಕ್ರದ ಮೇಲಿನ ಉಬ್ಬುಗಳು ಒಳಗೆ ಎಷ್ಟು ಜಾಗ ಹಿಡಿಯುತ್ತವೆ ಎಂಬುದು ನಿಮಗೆ ಗೊತ್ತಿರುತ್ತದೆ. ಎರಡು ನಿಮಿಷದ ವಿಡಿಯೊದಲ್ಲಿ ಇದು ಯಾವುದೂ ಕಾಣುವುದಿಲ್ಲ.

ನಮ್ಮ ಹಳೆ ಸರ್ಕಾರಿ ಬಸ್ ಏನಾಗುತ್ತದೆ?

2023ರ ಏಪ್ರಿಲ್ 1ರಿಂದ ದೇಶದಲ್ಲಿ ಒಂದು ನಿಯಮ ಜಾರಿಯಲ್ಲಿದೆ. ಕೇಂದ್ರ ಮತ್ತು ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ, ರಾಜ್ಯ ಸಾರಿಗೆ ನಿಗಮ ಇವುಗಳ ವಾಹನಕ್ಕೆ 15 ವರ್ಷ ತುಂಬಿದರೆ ನೋಂದಣಿ ನವೀಕರಣ ಆಗುವುದಿಲ್ಲ. ಸೇನೆಯ ಕೆಲವು ವಿಶೇಷ ವಾಹನಗಳಂಥವಕ್ಕೆ ಮಾತ್ರ ವಿನಾಯಿತಿ. ಉಳಿದವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಅಲ್ಲಿ ಬಿಡಿಭಾಗ ಬೇರ್ಪಡಿಸಿ, ಚಾಸಿ ನಂಬರ್ ಇರುವ ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಅಂಥ ಬಸ್ಸಿಗೆ ಮತ್ತೆ ಆರ್‌ಸಿ ಹುಟ್ಟುವುದಿಲ್ಲ.

ಆದ್ದರಿಂದ "ಡಿಪೊದಲ್ಲಿ ನಮ್ಮವರೊಬ್ಬರು ಇದ್ದಾರೆ, 15 ವರ್ಷದ ಬಸ್ಸನ್ನು ಪೇಪರ್ ಸಮೇತ ಕೊಡಿಸುತ್ತಾರೆ, ಅಡ್ವಾನ್ಸ್ ಕೊಡಿ" ಎಂದು ಯಾರಾದರೂ ಕೇಳಿದರೆ ಹಣ ಕೊಡಬೇಡಿ.

ಖಾಸಗಿಯವರ ಹಳೆ ಬಸ್ ಆದರೆ?

ಇಲ್ಲಿ ಅಡ್ಡ ಬರುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ತಯಾರಕರು ನಿಗದಿ ಮಾಡಿದ ಮೂಲ ವಿವರಕ್ಕೂ ವಾಹನಕ್ಕೂ ವ್ಯತ್ಯಾಸ ಬರುವಂತೆ ಬದಲಾವಣೆ ಮಾಡಬಾರದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹಾಗಾದರೆ ರಸ್ತೆಯಲ್ಲಿ ಓಡುತ್ತಿರುವ ಕ್ಯಾರವಾನ್‌ಗಳು ಹೇಗೆ ಬಂದವು? ಅವಕ್ಕೆ ಪ್ರತ್ಯೇಕ ಮಾನದಂಡವಿದೆ, ಹೆಸರು ಎಐಎಸ್-124. ಅದರಂತೆ ವಾಹನದೊಳಗೆ ಕೂರುವ ಜಾಗ, ಮೇಜು, ಮಲಗುವ ಜಾಗ, ಅಡುಗೆ ವ್ಯವಸ್ಥೆ, ಸಾಮಾನು ಇಡುವ ಜಾಗ ಇರಬೇಕು. ಪುಣೆಯ ಎಆರ್‌ಎಐ ತರಹದ ಪರೀಕ್ಷಾ ಸಂಸ್ಥೆ ವಿನ್ಯಾಸವನ್ನು ಪರೀಕ್ಷಿಸಿ ಒಪ್ಪಬೇಕು. ಸಾಮಾನ್ಯವಾಗಿ ಬಾಡಿ ಕಟ್ಟುವ ಕಂಪನಿಗಳು ಹೊಸ ಚಾಸಿಯ ಮೇಲೆ ಕ್ಯಾರವಾನ್ ಕಟ್ಟಿ ಈ ಒಪ್ಪಿಗೆ ಪಡೆಯುತ್ತವೆ. ಮನೆ ಹಿಂದಿನ ಖಾಲಿ ಸೈಟಿನಲ್ಲಿ ಬಡಗಿ, ವೆಲ್ಡರ್ ಇಬ್ಬರನ್ನು ಇಟ್ಟುಕೊಂಡು ಮಾಡಿದ ಕೆಲಸಕ್ಕೆ ಆ ಒಪ್ಪಿಗೆ ತಾನಾಗಿ ಬರುವುದಿಲ್ಲ.

ಇನ್ನೆರಡು ಮಾತು. ಕಾರಿನ ಲೈಸೆನ್ಸ್ 7,500 ಕೆ.ಜಿ.ವರೆಗಿನ ವಾಹನಕ್ಕೆ ಮಾತ್ರ. 12 ಮೀಟರ್ ಉದ್ದದ ಬಸ್ಸಿನ ಭರ್ತಿ ತೂಕ ಸುಮಾರು 16 ಟನ್. ಎರಡನೆಯದು ವಿಮೆ. ಒಪ್ಪಿಗೆಯಿಲ್ಲದೆ ಬದಲಾಯಿಸಿದ ವಾಹನ ಅಪಘಾತಕ್ಕೆ ಸಿಕ್ಕರೆ ಪರಿಹಾರದ ಅರ್ಜಿಗೆ ತಕರಾರು ಬರುವ ಸಾಧ್ಯತೆ ಹೆಚ್ಚು.

"ಬಸ್ ಎಷ್ಟು ಭಾರ ಬೇಕಾದರೂ ಹೊರುತ್ತೆ" ಎನ್ನುವುದು ನಿಜವೇ?

ಅರ್ಧ ನಿಜ. ಬಸ್ ವಿನ್ಯಾಸ ಮಾಡುವಾಗ ಒಬ್ಬ ಪ್ರಯಾಣಿಕನಿಗೆ 68 ಕೆ.ಜಿ. ಎಂದು ಲೆಕ್ಕ ಹಿಡಿಯುತ್ತಾರೆ. 50 ಜನರೆಂದರೆ 3,400 ಕೆ.ಜಿ. ಈಗ ಮನೆಯ ಲೆಕ್ಕ ನೋಡಿ. 18 ಮಿಲಿಮೀಟರ್ ಪ್ಲೈವುಡ್‌ನ ಒಂದು ಪೂರ್ಣ ಹಾಳೆ ಸುಮಾರು 30ರಿಂದ 35 ಕೆ.ಜಿ. ತೂಗುತ್ತದೆ. 30 ಹಾಳೆಗೆ ಸುಮಾರು ಒಂದು ಟನ್. 500 ಲೀಟರ್ ನೀರೆಂದರೆ ಅರ್ಧ ಟನ್. ಇದಕ್ಕೆ ಬ್ಯಾಟರಿ, ಫ್ರಿಜ್, ಹಾಸಿಗೆ ಸೇರಿಸಿದರೂ ಒಟ್ಟು ತೂಕ ಮಿತಿಯೊಳಗೇ ಉಳಿಯಬಹುದು.

ತೊಂದರೆ ಇರುವುದು ಆ ತೂಕ ಎಲ್ಲಿ ಕೂರುತ್ತದೆ ಎನ್ನುವುದರಲ್ಲಿ. ಪ್ರಯಾಣಿಕರು ಎರಡೂ ಬದಿಗೆ ಸಮನಾಗಿ ಕೂರುತ್ತಾರೆ. ಮನೆಯಲ್ಲಿ ಅಡುಗೆಕಟ್ಟೆ, ಟ್ಯಾಂಕ್, ಫ್ರಿಜ್ ಒಂದೇ ಬದಿಗೆ ಬಂದರೆ ಬಸ್ ಆ ಕಡೆ ವಾಲುತ್ತದೆ. ನೀರಿನ ಟ್ಯಾಂಕನ್ನು ಮನೆಯ ಹಾಗೆ ಟಾಪಿನ ಮೇಲೆ ಇಟ್ಟರಂತೂ ಇನ್ನೂ ಅಪಾಯ. ಅರ್ಧ ತುಂಬಿದ ಟ್ಯಾಂಕಿನ ನೀರು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಒಂದು ಬದಿಗೆ ನುಗ್ಗಿದರೆ ಬಸ್ಸನ್ನೂ ಅದೇ ಬದಿಗೆ ಎಳೆಯುತ್ತದೆ. ಆದ್ದರಿಂದಲೇ ತಿಳಿದವರು ನೀರಿನ ಟ್ಯಾಂಕನ್ನು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ನೆಲಕ್ಕೆ ಹತ್ತಿರ, ಒಳಗೆ ಅಡ್ಡಗೋಡೆಗಳಿರುವಂತೆ ಇಡುತ್ತಾರೆ.

ಇನ್ನೊಂದು ತಪ್ಪು ಕಿಟಕಿ ದೊಡ್ಡದು ಮಾಡಲು ಕಂಬ ಕತ್ತರಿಸುವುದು. ಕಿಟಕಿಗಳ ನಡುವಿನ ಕಂಬ ಮತ್ತು ಚಾವಣಿಯ ಪಟ್ಟಿಗಳೇ ಬಸ್ ಮಗುಚಿದಾಗ ಒಳಗಿದ್ದವರ ಮೇಲೆ ಟಾಪು ಕುಸಿಯದಂತೆ ತಡೆಯುವುದು.

ಸೋಲಾರ್ ಇದ್ದರೆ ಎಸಿ ಪುಕ್ಕಟೆಯೇ?

ಇದನ್ನು ಲೆಕ್ಕ ಹಾಕಿಯೇ ನೋಡೋಣ. 1.5 ಟನ್ ಎಸಿ ಪೂರ್ತಿ ಓಡುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ರಾತ್ರಿ ಎಂಟು ಗಂಟೆ, ನಡುನಡುವೆ ನಿಂತು ಓಡಿದರೂ 7ರಿಂದ 8 ಯೂನಿಟ್ ಬೇಕು. ಮನೆಯ ಯುಪಿಎಸ್‌ಗೆ ಹಾಕುವ 150 ಎಎಚ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಅಂದರೆ ಒಂದು ರಾತ್ರಿಯ ಎಸಿಗೆ ಎಂಟೊಂಬತ್ತು ಬ್ಯಾಟರಿ ಬೇಕು, ತೂಕ ಸುಮಾರು ಅರ್ಧ ಟನ್. ಲಿಥಿಯಂ ಬ್ಯಾಟರಿಯಾದರೆ ತೂಕ ಬಹಳ ಕಡಿಮೆ, ಆದರೆ ಬೆಲೆ ಹೆಚ್ಚು. ಆ 8 ಯೂನಿಟ್‌ಗಳನ್ನು ಮರುದಿನ ತುಂಬಿಸಲು ಟಾಪಿನ ಮೇಲೆ 2 ಕಿಲೋವಾಟ್ ಪ್ಯಾನೆಲ್ ಮತ್ತು ದಿನವಿಡೀ ಚೆನ್ನಾದ ಬಿಸಿಲು ಬೇಕು. ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಬಿಸಿಲಿಗೆ ಕಾಯುತ್ತಾ ಕೂತರೆ ಲೆಕ್ಕ ತಪ್ಪುತ್ತದೆ.

ಎರಡು ಫ್ಯಾನ್, ಎಲ್‌ಇಡಿ ದೀಪ, ಚಿಕ್ಕ ಫ್ರಿಜ್, ಫೋನ್ ಚಾರ್ಜ್ ಇಷ್ಟಕ್ಕೆ ದಿನಕ್ಕೆ ಸುಮಾರು 2 ಯೂನಿಟ್ ಸಾಕು. ಬಿಸಿಲಿರುವ ದಿನ 500 ವಾಟ್‌ನ ಒಂದೇ ಪ್ಯಾನೆಲ್ ಅಷ್ಟನ್ನು ಕೊಡುತ್ತದೆ. ಸೋಲಾರ್ ಕೆಲಸಕ್ಕೆ ಬಾರದ್ದೇನಲ್ಲ, ಎಸಿಯ ಆಸೆ ಇಟ್ಟುಕೊಂಡಾಗಲೇ ಕಷ್ಟ.

ಪ್ರಾಣಕ್ಕೆ ಕುತ್ತು ತರುವ ಮೂರು ವಿಷಯ

ಎಸಿ ಬೇಕು, ಬ್ಯಾಟರಿ ಸಾಲದು ಎಂದಾಗ ಜನ ಜನರೇಟರ್ ಇಡುತ್ತಾರೆ. ನಿಜವಾದ ಅಪಾಯ ಅಲ್ಲಿಂದ ಶುರು.

1. ಕಾರ್ಬನ್ ಮೊನಾಕ್ಸೈಡ್: 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಗಾಯವಿಲ್ಲ, ಜಗಳವಿಲ್ಲ. ಎಸಿಗಾಗಿ ಓಡಿಸಿದ ಜನರೇಟರ್‌ನ ಹೊಗೆ ತಳದ ಸಂದಿಯಿಂದ ಒಳಗೆ ಬಂದಿತ್ತು ಎಂದು ತಜ್ಞರ ಪರೀಕ್ಷೆಯಲ್ಲಿ ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕಿಟಕಿ ಮುಚ್ಚಿದ ವಾಹನದಲ್ಲಿ ಜನರೇಟರ್ ಅಥವಾ ಎಂಜಿನ್ ಓಡಿಸಿ ಮಲಗಬಾರದು. ಇದ್ದಿಲ ಒಲೆಯನ್ನೂ ಒಳಗೆ ಇಡಬಾರದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಸಿಗೆಯ ಬಳಿ ಇರಲೇಬೇಕು.

2. ಅಡುಗೆ ಗ್ಯಾಸ್: ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿ ತೆರೆದಿದ್ದರೂ ಅಷ್ಟು ಪ್ರಯೋಜನವಿಲ್ಲ. ಸಿಲಿಂಡರ್‌ಗೆ ಮನೆಯೊಳಗಿಂದ ಬೇರೆಯಾದ ಗೂಡು ಬೇಕು, ಅದರ ತಳದಲ್ಲಿ ಹೊರಕ್ಕೆ ಗಾಳಿ ಹೋಗುವ ತೂತು ಬೇಕು.

3. ಮುಚ್ಚಿಹೋದ ತುರ್ತು ದ್ವಾರ: ಹಾಸಿಗೆ, ಕಪಾಟು ಇಡುವಾಗ ಮೊದಲು ಮರೆಯಾಗುವುದೇ ತುರ್ತು ಬಾಗಿಲು. ಫೋಮ್, ಪರದೆ, ಪ್ಲೈವುಡ್ ತುಂಬಿದ ಉದ್ದನೆಯ ಡಬ್ಬಿಗೆ ಬೆಂಕಿ ಬಿದ್ದರೆ ಹೊರಬರಲು ಸಿಗುವ ಸಮಯ ಬಹಳ ಕಡಿಮೆ. ಮಲಗುವ ಜಾಗದ ಬಳಿ ಎರಡನೇ ದಾರಿ ಇಲ್ಲದಿದ್ದರೆ ಅಲ್ಲಿ ಮಲಗಬಾರದು.

ಹಾಗಾದರೆ ಹಳೆ ಬಸ್ಸಿನಿಂದ ಏನೂ ಆಗುವುದಿಲ್ಲವೇ?

ಆಗುತ್ತದೆ, ನಿಲ್ಲಿಸಿ ಬಳಸಿದರೆ. 2020ರ ನವೆಂಬರ್‌ನಲ್ಲಿ ಕೇರಳದ ಸಾರಿಗೆ ಸಂಸ್ಥೆ ಮುನ್ನಾರ್ ಡಿಪೊದಲ್ಲಿ ಹಳೆಯ ಬಸ್ಸುಗಳೊಳಗೆ ಹಾಸಿಗೆ ಅಳವಡಿಸಿ ಪ್ರವಾಸಿಗಳಿಗೆ ರಾತ್ರಿಗೆ ತಲೆಗೆ 100 ರೂಪಾಯಿಯಂತೆ ಕೊಡಲು ಶುರು ಮಾಡಿತು. ಅದೇ ವರ್ಷ ನಮ್ಮ ಕೆಎಸ್‌ಆರ್‌ಟಿಸಿ ಗುಜರಿಗೆ ಹೋಗಬೇಕಿದ್ದ ಬಸ್ಸನ್ನು ಮಹಿಳೆಯರ ಶೌಚಾಲಯವಾಗಿ ಬದಲಿಸಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಮಗುವಿಗೆ ಹಾಲುಣಿಸುವ ಜಾಗವೂ ಅದರಲ್ಲಿತ್ತು. ನಿಂತ ಬಸ್ಸಿಗೆ ಬ್ರೇಕು, ಟೈರು, ಘಾಟಿ ತಿರುವಿನ ಚಿಂತೆಯಿಲ್ಲ. ಗಾಳಿ, ಗ್ಯಾಸ್, ವಿದ್ಯುತ್, ತುರ್ತು ದಾರಿಯ ಎಚ್ಚರ ಮಾತ್ರ ಅಲ್ಲೂ ಬೇಕು.

ಓಡಾಡುವ ಮನೆಯೇ ಬೇಕೆನ್ನುವವರು ಮೊದಲು ಅನುಮತಿ ಪಡೆದ ಕ್ಯಾರವಾನ್ ಒಂದನ್ನು ಎರಡು-ಮೂರು ದಿನ ಬಾಡಿಗೆಗೆ ಪಡೆದು ಮಳೆಯಲ್ಲೂ ಬಿಸಿಲಲ್ಲೂ ಇದ್ದು ನೋಡಲಿ. ನೀರು ಎಲ್ಲಿ ತುಂಬಿಸುವುದು, ಕೊಳಚೆ ಎಲ್ಲಿ ಖಾಲಿ ಮಾಡುವುದು, ರಾತ್ರಿ ಎಲ್ಲಿ ನಿಲ್ಲಿಸುವುದು ಎಂಬ ಮೂರು ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ಆಮೇಲೂ ಮನಸ್ಸಿದ್ದರೆ ಗಾಡಿ ಕೊಳ್ಳುವ ಮುನ್ನವೇ ನಿಮ್ಮ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಬಾಯಿ ಮಾತಿನ "ಆಗುತ್ತೆ ಬಿಡಿ ಸಾರ್" ನಂಬಬೇಡಿ.

ಸಾರಾಂಶ

- ವಿದೇಶದಲ್ಲಿ ಸಿಟಿ ಬಸ್ಸನ್ನು ಮನೆ ಮಾಡಿದ್ದಾರೆ: ನಿಜ.
- 15 ವರ್ಷ ದಾಟಿದ ಸರ್ಕಾರಿ ಬಸ್ಸನ್ನು ಕೊಂಡು ಇಲ್ಲಿ ಓಡಿಸಬಹುದು: ಸುಳ್ಳು.
- ನಮ್ಮ ಗಾಡಿ, ಒಳಗೆ ಏನು ಬೇಕಾದರೂ ಮಾಡಿಕೊಳ್ಳಬಹುದು: ಸುಳ್ಳು.
- ಸೋಲಾರ್‌ನಲ್ಲಿ ಫ್ಯಾನ್, ದೀಪ, ಚಿಕ್ಕ ಫ್ರಿಜ್ ನಡೆಯುತ್ತದೆ: ನಿಜ. ರಾತ್ರಿಯಿಡೀ ಎಸಿ ಸುಲಭವಾಗಿ ನಡೆಯುತ್ತದೆ: ಸುಳ್ಳು.
- ಹಳೆ ಬಸ್ಸನ್ನು ಒಂದೆಡೆ ನಿಲ್ಲಿಸಿ ವಾಸಕ್ಕೆ, ಬೇರೆ ಉಪಯೋಗಕ್ಕೆ ಬಳಸಬಹುದು: ನಿಜ, ಸುರಕ್ಷತೆಯ ವ್ಯವಸ್ಥೆ ಇದ್ದರೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ಹಿರಿಯರು. ಬಸ್ಸಿನೊಳಗೆ ಕಟ್ಟುವ ಮನೆಗೂ ಆ ಮಾತು ಒಪ್ಪುತ್ತದೆ. ಮುಂದಿನ ಸಲ ಆ ವಿಡಿಯೊ ನಿಮ್ಮ ಗುಂಪಿಗೆ ಬಂದಾಗ, ಜನರೇಟರ್ ಹೊಗೆಯ ವಿಷಯವನ್ನೂ ಅದರ ಕೆಳಗೆ ಸೇರಿಸಿ ಕಳಿಸಿ.