ನಮೂನೆ ತುಂಬುವವರ ಮಾತಿಗೂ ಒಂದು ಕಾಲಂ

2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಶಾಲಾ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆ ತಿರುಗಿದರು. ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಕೈಗೊಂಡ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಅದು. ಕೇಳಬೇಕಾದ ಪ್ರಶ್ನೆಗಳು 60. ಮಹಾರಾಷ್ಟ್ರ ಗಡಿಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹಳ್ಳಿಗಳಲ್ಲೂ ವಿದ್ಯುತ್ ಮೀಟರಿನ ಲೆಕ್ಕ ಹಿಡಿದು ಮನೆಗಳನ್ನು ಗುರುತಿಸಿದ್ದಾಯಿತು. ನೆಟ್‌ವರ್ಕ್ ಸಿಗದ್ದು, ಆ್ಯಪ್ ತೆರೆಯದ್ದು, ಗಡುವು ಮುಂದೆ ಹೋಗಿದ್ದು ಎಲ್ಲವೂ ಸುದ್ದಿಯಾದವು. ಇವುಗಳ ನಡುವೆ ಎರಡು ಸಂಗತಿಗಳಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಸಮೀಕ್ಷೆ ಆರಂಭವಾಗುವ ಮೊದಲೇ ಆಯೋಗ ಜಾತಿಗಳ ಪಟ್ಟಿಯನ್ನು ಪ್ರಕಟಿಸಿ ಸಾರ್ವಜನಿಕರಿಂದ ಸಲಹೆ, ಆಕ್ಷೇಪಣೆ ಕೇಳಿತ್ತು. ಪಟ್ಟಿಯ ಕೆಲವು ಹೆಸರುಗಳಿಗೆ ತೀವ್ರ ವಿರೋಧ ಬಂದಾಗ ಅವು ಆ್ಯಪ್‌ನಲ್ಲಿ ಕಾಣದಂತೆ ಮಾಡಿತು. ಸೆಪ್ಟೆಂಬರ್ 25ರಂದು ಹೈಕೋರ್ಟ್, ಸಮೀಕ್ಷೆಗೆ ತಡೆ ಕೊಡಲು ಒಪ್ಪದಿದ್ದರೂ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಅದನ್ನು ಜನರಿಗೆ ಸ್ಪಷ್ಟವಾಗಿ ತಿಳಿಸಬೇಕು, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು ಎಂದು ಹೇಳಿತು.

ಸರ್ಕಾರ ಕೇಳುವ ಪ್ರಶ್ನೆಯ ಮೇಲೆಯೇ ಜನ ಮಾತಾಡಿದ, ಮಾತಾಡಿದ್ದಕ್ಕೆ ಸ್ವಲ್ಪವಾದರೂ ಫಲ ಸಿಕ್ಕ ಅಪರೂಪದ ಪ್ರಸಂಗವಿದು. ಅರ್ಜಿ, ದಾಖಲೆ, ಸಮೀಕ್ಷೆ, ಗಣತಿಗಳ ಮೂಲಕ ಪ್ರಜೆಗಳಿಂದ ಮಾಹಿತಿ ಪಡೆಯುವ ಕೆಲಸ ಈ ಭಾಗದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದಿದೆ. ಬರೆದ ಮಾಹಿತಿಗೆ ಆಕ್ಷೇಪಣೆ ಕರೆಯುವ ಪದ್ಧತಿಯೂ ಹಳೆಯದೇ. ಆದರೆ ನಮೂನೆ ಅಚ್ಚಾಗುವ ಮೊದಲು, ಅದನ್ನು ತುಂಬಬೇಕಾದವರ ಅಭಿಪ್ರಾಯ ಕೇಳುವ ವ್ಯವಸ್ಥೆ ಇನ್ನೂ ಬಂದಿಲ್ಲ. ಆಗಬೇಕಾದ ಮುಂದಿನ ಸುಧಾರಣೆ ಇದೇ.

ಚಾವಡಿಯ ಗೋಡೆಯಿಂದ

ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಮುಂಬಯಿ ಸರ್ಕಾರ 1903ರಲ್ಲಿ ಹಕ್ಕುದಾಖಲೆಯ ಕಾಯ್ದೆ ತಂದಿತು. 1913ರಲ್ಲಿ ಅದು ಭೂಕಂದಾಯ ಸಂಹಿತೆಯೊಳಗೆ ಸೇರಿತು. ಹೊಲ ಯಾರದು, ಸಾಲದ ಬೋಜಾ ಎಷ್ಟು, ವಾರಸುದಾರರು ಯಾರು ಎಂಬುದನ್ನೆಲ್ಲ ತಲಾಟಿ ಬರೆಯತೊಡಗಿದ. ಬರೆದದ್ದನ್ನು ಚಾವಡಿಯಲ್ಲಿ ಹಚ್ಚಿ, ತಕರಾರು ಇದ್ದವರು ಬಂದು ಹೇಳಿ ಎನ್ನುವ ಕ್ರಮ ಆಗಿನಿಂದ ಬಂತು. ಇಂದಿಗೂ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಬದಲಾಗಬೇಕಾದರೆ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ನೋಟಿಸ್ ಹೊರಡುತ್ತದೆ, ಆಕ್ಷೇಪಣೆಗೆ ಅವಧಿ ಇರುತ್ತದೆ.

ಈ ಪದ್ಧತಿ ರೈತರನ್ನು ಎಷ್ಟೋ ಮೋಸಗಳಿಂದ ಉಳಿಸಿದೆ. ಆದರೆ ಚಾವಡಿಯಲ್ಲಿ ತಕರಾರು ಎತ್ತಬಹುದಾದದ್ದು ಕಾಲಮಿನೊಳಗೆ ಬರೆದ ಹೆಸರಿನ ಮೇಲೆ ಮಾತ್ರ. ಉತಾರದ 9ನೇ ಕಾಲಮಿನಲ್ಲಿ ಮಾಲೀಕನ ಹೆಸರಿದ್ದರೆ, ಅದೇ ಹೊಲದಲ್ಲಿ ಜೀವಮಾನವಿಡೀ ದುಡಿದ ಹೆಂಡತಿಗೆ ಒಂದು ಕಾಲಂ ಏಕಿಲ್ಲ ಎಂದು ಕೇಳುವ ಅವಕಾಶ ಆ ನೋಟಿಸಿನಲ್ಲಿ ಇರಲಿಲ್ಲ, ಈಗಲೂ ಇಲ್ಲ.

ತಂಬಾಕಿನ ಕಾಗದಪತ್ರ

ಸರ್ಕಾರದ ನಮೂನೆ ದುಡಿಯುವವರ ದಿನಚರಿಯೊಳಗೆ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ನಿಪ್ಪಾಣಿಯ ಬೀಡಿ ತಂಬಾಕಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1943ರಲ್ಲಿ ಬ್ರಿಟಿಷ್ ಸರ್ಕಾರ ತಂಬಾಕಿನ ಮೇಲೆ ಅಬಕಾರಿ ಸುಂಕ ಹಾಕಿತು. 1944ರ ಕೇಂದ್ರ ಅಬಕಾರಿ ಕಾಯ್ದೆ ಅದನ್ನು ಮುಂದುವರಿಸಿತು. ಕಾರ್ಖಾನೆಯಲ್ಲಿ ತಯಾರಾದ ಸರಕಿಗಷ್ಟೇ ಅಲ್ಲ, ಹೊಲದಲ್ಲಿ ಬೆಳೆದ ಎಲೆಗೂ ಸುಂಕ ಬಿತ್ತು. ಹಾಗಾಗಿ ಲೆಕ್ಕವೂ ಹೊಲದಿಂದಲೇ ಶುರುವಾಯಿತು.

ತಂಬಾಕು ಹಾಕಿದ ರೈತ ತಾನು ಬೆಳೆಗಾರನೆಂದು ಘೋಷಣೆ ಕೊಡಬೇಕಿತ್ತು. ಎಲೆ ಒಣಗಿಸಿ ಹದ ಮಾಡುವವನು ತೂಕದ ಲೆಕ್ಕ ಇಡಬೇಕಿತ್ತು. ವಖಾರಕ್ಕೆ ಸಾಗಿಸಲು ಪರವಾನಗಿ ಬೇಕಿತ್ತು. ಎಲೆ ಬೀಡಿಗೆ ಹೋಗುವುದೋ, ನಶ್ಯಕ್ಕೋ, ಜಗಿಯಲಿಕ್ಕೋ ಎಂಬುದರ ಮೇಲೆ ಸುಂಕದ ದರ ಬೇರೆಬೇರೆ. ಹೊಲದಲ್ಲಿ ಕೊಯ್ದಾಗಿನ ತೂಕಕ್ಕೂ ಒಣಗಿದ ಮೇಲಿನ ತೂಕಕ್ಕೂ ಇರುವ ಅಂತರ ಬೆಳೆಗಾರನಿಗೆ ಕೈಯಳತೆಯಲ್ಲೇ ತಿಳಿದಿತ್ತು. ಅದನ್ನು ಕಾಗದದಲ್ಲಿ ಸಮರ್ಥಿಸಿಕೊಳ್ಳುವುದು ಮಾತ್ರ ಅಕ್ಷರ ಬಾರದವನಿಗೆ ದೊಡ್ಡ ಸಂಕಟ. ವ್ಯಾಪಾರಿಯ ಗುಮಾಸ್ತನೇ ಅವನ ಪಾಲಿನ ಲೇಖಕನಾಗಬೇಕಾಗುತ್ತಿತ್ತು. ಯಾರಿಗೆ ಮಾಲು ಮಾರಬೇಕೋ ಅವರ ಕೈಯಿಂದಲೇ ತನ್ನ ಲೆಕ್ಕ ಬರೆಸಿಕೊಳ್ಳುವ ಸ್ಥಿತಿ ರೈತನ ಚೌಕಾಶಿಯ ಬಲವನ್ನೂ ಕುಗ್ಗಿಸುತ್ತಿತ್ತು.

1979ರ ಕೇಂದ್ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಚರಣ್ ಸಿಂಗ್ ಹಸಿ ತಂಬಾಕಿನ ಮೇಲಿನ ಸುಂಕವನ್ನು ತೆಗೆದು, ಭಾರವನ್ನು ತಯಾರಾದ ಸರಕಿನ ಮೇಲೆ ಹಾಕಿದರು. ಆ ಕಾಗದಪತ್ರವೆಲ್ಲ ಒಂದೇ ಏಟಿಗೆ ಹೋಯಿತು. ಅದು ಬೆಳೆಗಾರನಿಗೆ ನಿಜವಾದ ಬಿಡುಗಡೆ. ಆದರೆ 36 ವರ್ಷ ಅವನಿಗೆ ಇದ್ದದ್ದು ಎರಡೇ ದಾರಿ: ತುಂಬು, ಇಲ್ಲವೇ ದಂಡ ಕಟ್ಟು. ಈ ಕಾಲಂ ಅನವಶ್ಯಕ, ಈ ಪರವಾನಗಿಯನ್ನು ಊರಲ್ಲೇ ಕೊಡಿ ಎಂದು ಹೇಳುವ ನಡುದಾರಿ ಇರಲಿಲ್ಲ.

ನಿಪ್ಪಾಣಿಯ ಬೀಡಿ ಕಾರ್ಮಿಕ ಮಹಿಳೆಯರ ಕಥೆಯೂ ಇದಕ್ಕೆ ಹತ್ತಿರದ್ದೇ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, 1976ರ ಕಲ್ಯಾಣ ನಿಧಿ ಕಾಯ್ದೆ ಅವರಿಗೆ ಹಕ್ಕುಗಳನ್ನು ಕೊಟ್ಟವು. ಆ ಹಕ್ಕುಗಳಿಗೆ ಬಾಗಿಲು ಗುರುತಿನ ಚೀಟಿ. ಅದನ್ನು ಕೊಡಬೇಕಾದವನು ಮಾಲೀಕ. ಮನೆಯಲ್ಲಿ ಕೂತು ಬೀಡಿ ಸುತ್ತುವ ಹೆಂಗಸಿಗೆ ಗೊತ್ತಿರುವುದು ಎಲೆ ತಂದುಕೊಡುವ ಗುತ್ತಿಗೆದಾರ ಮಾತ್ರ. 2021ರ ಆಗಸ್ಟ್‌ನಲ್ಲಿ ಬಂದ ಇ-ಶ್ರಮ್ ನೋಂದಣಿಯಲ್ಲಿ ಆಧಾರ್ ಜೊತೆ ಸ್ವಯಂ ಘೋಷಣೆ ಸಾಕಾಯಿತು. ಹಿಂದಿನ ನಮೂನೆಗಳನ್ನು ರೂಪಿಸುವಾಗ ಒಬ್ಬ ಬೀಡಿ ಕಾರ್ಮಿಕ ಮಹಿಳೆಯನ್ನು ಕೇಳಿದ್ದರೂ, ಮಾಲೀಕನ ಚೀಟಿಯ ಬದಲು ಸ್ವಯಂ ಘೋಷಣೆ ಸಾಕೆಂಬ ಮಾತು ಆಗಲೇ ಹೊರಬರುತ್ತಿತ್ತು.

ಮನವಿ ಕೊಡುವ ನಾಡು

ಹಾಗೆಂದು ಇಲ್ಲಿನ ಜನ ಸುಮ್ಮನೆ ಕೂತವರಲ್ಲ. ಆಯೋಗಗಳ ಮುಂದೆ ಬಂದು ಮಾತಾಡುವುದರಲ್ಲಿ ಗಡಿಭಾಗಕ್ಕೆ ಇರುವಷ್ಟು ಅನುಭವ ಬೇರೆ ಭಾಗಗಳಿಗೆ ಇರುವುದು ಕಡಿಮೆ. 1966ರ ಅಕ್ಟೋಬರ್‌ನಲ್ಲಿ ಗಡಿ ವಿವಾದದ ಪರಿಶೀಲನೆಗೆ ನೇಮಕವಾದ ಮಹಾಜನ ಆಯೋಗ 2,240 ಮನವಿ ಸ್ವೀಕರಿಸಿ, 7,572 ಜನರನ್ನು ಭೇಟಿ ಮಾಡಿ, 1967ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ನಿಪ್ಪಾಣಿಯ ಭವಿಷ್ಯವೂ ಅದರ ಮುಂದಿತ್ತು. ಆ ವಾದದಲ್ಲಿ ಪದೇ ಪದೇ ಎತ್ತಿದ ಸಾಕ್ಷ್ಯ ಜನಗಣತಿಯ ಮಾತೃಭಾಷೆಯ ಕಾಲಂ. ಮನೆ ಬಾಗಿಲಲ್ಲಿ ಗಣತಿದಾರ ಕೇಳಿದ ಒಂದು ಪ್ರಶ್ನೆ, ಒಂದು ಊರು ಯಾವ ರಾಜ್ಯದಲ್ಲಿರಬೇಕು ಎಂಬ ವಾದಕ್ಕೆ ಆಧಾರವಾಯಿತು.

ಆಮೇಲೆ ಜಿಲ್ಲೆ, ತಾಲ್ಲೂಕುಗಳ ಪುನರ್ವಿಂಗಡಣೆಗೆ ವಾಸುದೇವರಾವ್, ಹುಂಡೇಕಾರ್, ಗದ್ದಿಗೌಡರ, ಎಂ.ಬಿ. ಪ್ರಕಾಶ್ ಸಮಿತಿಗಳು ಬಂದವು. ಪ್ರತಿ ಬಾರಿಯೂ ಮನವಿಗಳು ಹೋದವು. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಚಿಕ್ಕೋಡಿಯನ್ನು ಜಿಲ್ಲೆಯೆಂದು ಘೋಷಿಸಿ ಹಿಂದೆಗೆಯಿತು. ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ತಾಲ್ಲೂಕುಗಳಾದವು. ಗಡಿ ಎಲ್ಲಿ ಎಳೆಯಬೇಕೆಂದು ಜನರನ್ನು ಕೇಳಿದ ಸರ್ಕಾರಗಳು, ಹೊಸ ತಹಶೀಲ್ದಾರ್ ಕಚೇರಿಯಲ್ಲಿ ಯಾವ ಅರ್ಜಿಗೆ ಎಷ್ಟು ಲಗತ್ತು ಬೇಕೆಂದು ಕೇಳಿದ್ದಿಲ್ಲ.

ಕಾನೂನು ಎಲ್ಲಿಗೆ ಬಂದು ನಿಂತಿದೆ

ಕರಡನ್ನು ಮೊದಲು ಪ್ರಕಟಿಸಿ ಆಕ್ಷೇಪಣೆ ಪಡೆಯುವ ವಿಧಾನ 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೇ ಸೆಕ್ಷನ್‌ನಷ್ಟು ಹಳೆಯದು. ಮೂಲ ಕಾಯ್ದೆ ಹಾಗೆ ಮಾಡಬೇಕೆಂದು ಹೇಳಿದ್ದರೆ ಮಾತ್ರ ಅದು ಅನ್ವಯ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಪ್ರಕಟಿಸಬೇಕೆಂದಿತು. 2014ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಶಾಸನಪೂರ್ವ ಸಮಾಲೋಚನೆಯ ನೀತಿ ತಂದು, ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಹೇಳಿತು. ಮಸೂದೆ, ನಿಯಮಗಳು ಈ ವ್ಯಾಪ್ತಿಗೆ ಬಂದವು. ಅರ್ಜಿ ನಮೂನೆ, ಸಮೀಕ್ಷೆಯ ಪ್ರಶ್ನಾವಳಿಗಳು ಆಡಳಿತದ ಒಳಗಿನ ವಿಷಯವಾಗಿಯೇ ಉಳಿದವು.

ಅಮೆರಿಕ ಈ ದಾರಿಯಲ್ಲಿ ಬಹಳ ಮುಂದೆ ಹೋಗಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲೇ, ಸರ್ಕಾರಿ ನಮೂನೆಗಳ ಹೊರೆ ತಗ್ಗಿಸಲು ಕಾನೂನು ಮಾಡಿದ ದೇಶವದು. 1980ರಲ್ಲಿ ಜಾರಿಯಾಗಿ 1995ರಲ್ಲಿ ಬಲಗೊಂಡ ಕಾಗದಪತ್ರ ಕಡಿತ ಕಾಯ್ದೆಯಂತೆ, ಫೆಡರಲ್ ಇಲಾಖೆಯೊಂದು ಜನರಿಂದ ಮಾಹಿತಿ ಕೇಳುವ ಮುನ್ನ ರಾಜಪತ್ರದಲ್ಲಿ ನೋಟಿಸ್ ಕೊಟ್ಟು 60 ದಿನ ಅಭಿಪ್ರಾಯ ಕೇಳಬೇಕು. ಬಳಿಕ ಪ್ರಸ್ತಾವ ಅಧ್ಯಕ್ಷರ ಬಜೆಟ್ ಕಚೇರಿಗೆ ಹೋಗುವಾಗ ಇನ್ನೂ 30 ದಿನ. ಈ ಮಾಹಿತಿ ನಿಜಕ್ಕೂ ಬೇಕೆ, ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂಬ ಅಂದಾಜು ಸರಿಯೆ, ಪ್ರಶ್ನೆ ಸ್ಪಷ್ಟವಾಗಿದೆಯೆ, ಹೊರೆ ಕಡಿಮೆ ಮಾಡಬಹುದೆ ಎಂದು ಕೇಳುವುದು ಕಡ್ಡಾಯ. ಒಪ್ಪಿಗೆ ಹೆಚ್ಚೆಂದರೆ ಮೂರು ವರ್ಷಕ್ಕೆ. ನಮೂನೆಯ ಮೇಲೆ ಒಪ್ಪಿಗೆ ಸಂಖ್ಯೆ ಇರಬೇಕು. ಅದಿಲ್ಲದ ನಮೂನೆಯನ್ನು ತುಂಬದಿದ್ದವರಿಗೆ ದಂಡ ಹಾಕುವಂತಿಲ್ಲ. ಆ ಕಾನೂನು ಬಂದ ಮೇಲೂ ಅಲ್ಲಿ ಕಾಗದದ ಹೊರೆ ಮಾಯವಾಗಿಲ್ಲ. ಆದರೆ ಪ್ರಜೆಯ ಒಂದು ಗಂಟೆಗೂ ಬೆಲೆಯಿದೆ ಎಂಬುದನ್ನು ಸರ್ಕಾರದ ಲೆಕ್ಕಪುಸ್ತಕಕ್ಕೆ ಅದು ತಂದಿದೆ.

ಕೇಳುವ ಭಾಷೆಯ ಪ್ರಶ್ನೆ ನಮ್ಮಲ್ಲಿ ಮತ್ತೂ ಮುಖ್ಯ. ಪರಿಸರ ಪರಿಣಾಮ ಅಧ್ಯಯನದ 2020ರ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸುವಂತೆ ದೆಹಲಿ ಹೈಕೋರ್ಟ್ 2020ರ ಜೂನ್ 30ರಂದು ಹೇಳಿತು. ಕನ್ನಡದಲ್ಲಿ ಪ್ರಚಾರ ಸಿಕ್ಕಿಲ್ಲವೆಂಬ ದೂರಿನ ಮೇಲೆ ಕರ್ನಾಟಕ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆಯನ್ನು ತಡೆಹಿಡಿಯಿತು. ಸಂವಿಧಾನದ 350ನೇ ವಿಧಿ ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಲು ಬಿಡುತ್ತದೆ. ನಿಪ್ಪಾಣಿಯ ಮರಾಠಿ ಮಾತಿನ ಅಜ್ಜಿಗೂ, ಗಡಿಯಾಚೆಯ ಜತ್ತ, ಅಕ್ಕಲಕೋಟೆಯ ಕನ್ನಡ ರೈತನಿಗೂ ಈ ಆಸರೆ ಸಮಾನ.

ಕಂಪ್ಯೂಟರ್ ಬಂದ ಮೇಲೆ

ಭೂಮಿ ಯೋಜನೆ 2002ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿಗೆ ಉತಾರ ಕೈಗೆ ಸಿಕ್ಕಿತು. 2012ರ ಏಪ್ರಿಲ್‌ನಲ್ಲಿ ಸಕಾಲ ಜಾರಿಯಾಗಿ ಅರ್ಜಿ ವಿಲೇವಾರಿಗೆ ಕಾಲಮಿತಿ ಬಂತು. ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಒಮ್ಮೆ ಸಿಕ್ಕರೆ ರೈತ ಪ್ರತಿ ಇಲಾಖೆಗೂ ಅದೇ ಉತಾರ ಹೊತ್ತೊಯ್ಯುವ ಕಷ್ಟ ಕಡಿಮೆ. 2020ರಲ್ಲಿ ರೈತರೇ ತಮ್ಮ ಬೆಳೆಯ ವಿವರ ಏರಿಸುವ ಆ್ಯಪ್ ಬಂತು. ಸಮೀಕ್ಷೆಯಲ್ಲಿ ದಾಖಲಾದದ್ದನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ಬೆಳೆ ದರ್ಶಕ್ ಆ್ಯಪ್ ಇದೆ. ಕಬ್ಬು ಇದ್ದ ಹೊಲಕ್ಕೆ ಜೋಳ ಬರೆದಿದ್ದರೆ ಕಾಗವಾಡದ ರೈತ ಮೊಬೈಲಿನಲ್ಲೇ ತಿದ್ದಿಸಲು ಕೇಳಬಹುದು. ಇದು ಚಾವಡಿ ನೋಟಿಸಿನ ಇಂದಿನ ರೂಪ. ಅದರ ಒಳ್ಳೆಯತನವೂ ಮಿತಿಯೂ ಇದಕ್ಕೆ ಬಂದಿವೆ: ಉತ್ತರ ತಿದ್ದಬಹುದು, ಪ್ರಶ್ನೆ ತಿದ್ದಲಾಗದು.

ಆ ಮಿತಿ ಎಷ್ಟು ದುಬಾರಿ ಎಂಬುದನ್ನು 2019ರ ಆಗಸ್ಟ್‌ನ ಪ್ರವಾಹ ತೋರಿಸಿತು. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಯಡೂರು, ಕಲ್ಲೋಳ, ಜುಗೂಳ, ಕುಡಚಿಯಂಥ ಊರುಗಳು ನೀರಿನಲ್ಲಿ ನಿಂತವು. ಬಿದ್ದ ಮನೆಗಳ ಸಮೀಕ್ಷೆಗೆ ಎ, ಬಿ, ಸಿ ಎಂದು ಮೂರು ವರ್ಗ. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ಎ, ಪರಿಹಾರ 5 ಲಕ್ಷ ರೂಪಾಯಿ. ಅಲ್ಪ ಹಾನಿಯ ಸಿ ವರ್ಗಕ್ಕೆ 50 ಸಾವಿರ. ಒಂದು ಅಕ್ಷರದ ಅಂತರದಲ್ಲಿ ಒಂದು ಸಂಸಾರದ ಭವಿಷ್ಯ.

ಹೊಳೆದಂಡೆಯ ಮಣ್ಣಿನ ಮನೆಯ ಸ್ವಭಾವ ಅಲ್ಲಿನವರಿಗೆ ಗೊತ್ತು. ನೀರು ಇಳಿದ ದಿನ ಗೋಡೆ ನಿಂತೇ ಇರುತ್ತದೆ. ಬುಡ ನೆನೆದಿರುತ್ತದೆ. ಬಿಸಿಲು ಬಿದ್ದು ಒಣಗುತ್ತ ಬಂದಂತೆ ಬಿರುಕು ಬಾಯ್ದೆರೆದು, ಎಷ್ಟೋ ದಿನಗಳ ಮೇಲೆ ಗೋಡೆ ಕುಸಿಯುತ್ತದೆ. ಮೊದಲ ಭೇಟಿಯಲ್ಲಿ ಫೋಟೊ ತೆಗೆದು ವರ್ಗ ನಮೂದಿಸಿದ ಸಿಬ್ಬಂದಿಯ ಕಣ್ಣಿಗೆ ಅದು ಭಾಗಶಃ ಹಾನಿ. ಮನೆಯವರಿಗೆ ಅದು ಬಿದ್ದ ಮನೆಯೇ. ಮರುಸಮೀಕ್ಷೆಗೆ ಅರ್ಜಿಗಳು ಬಂದದ್ದರಲ್ಲಿ ಆಶ್ಚರ್ಯವಿಲ್ಲ. 2005ರಲ್ಲೂ ಇದೇ ದಂಡೆಗಳು ಮುಳುಗಿದ್ದವು. ಆ ಅನುಭವವನ್ನು ಕೇಳಿ, ಎರಡನೇ ಭೇಟಿಯ ದಿನಾಂಕಕ್ಕೊಂದು ಕಾಲಂ, ಗೋಡೆ ಮಣ್ಣಿನದೋ ಕಲ್ಲಿನದೋ ಎಂಬುದಕ್ಕೊಂದು ಕಾಲಂ ಸೇರಿಸಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತಿತ್ತು.

ಮುಂದಿನ ಗಣತಿಗೆ ಮೊದಲು

2025ರ ಜೂನ್ 16ರ ಅಧಿಸೂಚನೆಯಂತೆ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಹೊಸ ಜನಗಣತಿಯ ಆಧಾರ ದಿನ. ಜಾತಿಯ ಪ್ರಶ್ನೆಯೂ ಅದರಲ್ಲಿ ಸೇರಲಿದೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಇಲ್ಲಿ ಉತ್ತರ ಕೊಡುವುದು ಕಡ್ಡಾಯ. ಪ್ರಶ್ನೆಗಳನ್ನು ನಿಗದಿ ಮಾಡುವ ಮುನ್ನ ಇಲಾಖೆಗಳು, ಸಂಶೋಧಕರಂಥ ಮಾಹಿತಿ ಬಳಕೆದಾರರ ಜೊತೆ ಸಮಾಲೋಚಿಸುವ, ಪೂರ್ವಪರೀಕ್ಷೆ ನಡೆಸುವ ಒಳ್ಳೆಯ ಪದ್ಧತಿ ಜನಗಣತಿಯಲ್ಲಿದೆ. 2011ರಲ್ಲಿ ನಮೂನೆಗಳು 16 ಭಾಷೆಗಳಲ್ಲಿ ಅಚ್ಚಾದವು. ಆ ಸಮಾಲೋಚನೆ ಉತ್ತರ ಕೊಡುವವರ ತನಕ ಬಂದಿಲ್ಲ, ಅಷ್ಟೇ.

ರಾಜ್ಯ ಸರ್ಕಾರ ತನ್ನ ನಮೂನೆಗಳ ಮಟ್ಟಿಗೆ ಇದನ್ನು ನಾಳೆಯೇ ಆರಂಭಿಸಬಹುದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಪಂಚಾಯತ್ ರಾಜ್ ಕಾಯ್ದೆ ಈಗಾಗಲೇ ಹೇಳುತ್ತದೆ. ಹೊಸ ಅರ್ಜಿ ಅಥವಾ ಸಮೀಕ್ಷೆಯ ಕರಡನ್ನು ಕನ್ನಡದಲ್ಲಿ, ಅಗತ್ಯವಿರುವ ಕಡೆ ಮರಾಠಿ, ಉರ್ದುವಿನಲ್ಲೂ ಪಂಚಾಯಿತಿ ಕಚೇರಿಯಲ್ಲಿ 30 ದಿನ ಹಚ್ಚಲಿ. ಪ್ರತಿ ಪ್ರಶ್ನೆ ಏಕೆ ಬೇಕು, ತುಂಬಲು ಎಷ್ಟು ನಿಮಿಷ ಬೇಕು ಎಂದು ಅದರಲ್ಲೇ ಬರೆದಿರಲಿ. ಬಂದ ಸಲಹೆಗಳಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದೂ ಪ್ರಕಟವಾಗಲಿ. ಮೊದಲ ಪ್ರಯೋಗಕ್ಕೆ ಪ್ರವಾಹದ ಮನೆ ಹಾನಿಯ ನಮೂನೆಯೇ ತಕ್ಕದ್ದು: ಮುಂಗಾರು ಹಿಡಿಯುವ ಮೊದಲು ಚಿಕ್ಕೋಡಿ ಉಪವಿಭಾಗದ ಹೊಳೆದಂಡೆ ಪಂಚಾಯಿತಿಗಳಲ್ಲಿ ಅದನ್ನು ಓದಿ ಹೇಳಿ, ಎರಡು ಮಹಾಪೂರ ಕಂಡವರ ತಿದ್ದುಪಡಿಗಳನ್ನು ಬರೆದುಕೊಂಡರೆ, ಮುಂದಿನ ಆಗಸ್ಟ್‌ಗೆ ಸಿಬ್ಬಂದಿಯ ಕೈಯಲ್ಲಿ ಸರಿಯಾದ ಪ್ರಶ್ನೆಗಳು ಇರುತ್ತವೆ.